ಚುಚ್ಚಿಸಿಕೊಂಡವಳ ಹಗುರ ಕೈ

ಬೆಳಗಿನ ಐದೂವರೆ. ಅಟ್ಲಾಂಟಾ ಹೊರವಲಯದ ಡುಲುತ್‌ನಲ್ಲಿ ಆಸ್ಪತ್ರೆಯೊಂದರ ಮೂರನೇ ಮಹಡಿಗೆ ಮೋಹಿನಿ ಗಾಲಿಗಾಡಿ ತಳ್ಳಿಕೊಂಡು ಬರುತ್ತಾರೆ. ಡಾಕ್ಟರುಗಳು ಬರುವ ಹೊತ್ತಿಗೆ ರೋಗಿಗಳ ರಕ್ತ ಲ್ಯಾಬ್ ಸೇರಿರಬೇಕು. ದೀಪ ಹಾಕುವ ಮುಂಚೆ ಅವರು ಹೆಸರು ಹಿಡಿದು ಎಬ್ಬಿಸುತ್ತಾರೆ. ನಿದ್ದೆಯಲ್ಲಿ ಮುಟ್ಟಿದರೆ ಜನ ಬೆಚ್ಚುತ್ತಾರೆ. ತೋಳಿಗೆ ಪಟ್ಟಿ ಬಿಗಿದು, ಬೆರಳಲ್ಲೇ ನರ ಹುಡುಕಿ ಸೂಜಿ ಇಳಿಸುತ್ತಾರೆ. ಒಂಬತ್ತರೊಳಗೆ ಮೂವತ್ತೈದು ತೋಳು. ನರ ಸಿಗದೆ ಬೇರೆಯವರು ಕೈಚೆಲ್ಲಿದ ರೋಗಿಗಳೂ ಇವರ ಪಾಲಿಗೇ.

ಇದರ ನಡುವೆ ತಮ್ಮ ಬೆರಳನ್ನೂ ಚುಚ್ಚಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ ಸಕ್ಕರೆ ಪರೀಕ್ಷೆ, ಮೂರು ಸಲ ಇನ್ಸುಲಿನ್. ಮೂವತ್ತಾರರ ಮೋಹಿನಿಗೆ ಮಧುಮೇಹ ಬಂದದ್ದು ಒಂಬತ್ತನೇ ವಯಸ್ಸಿನಲ್ಲಿ, ಉಡುಪಿ ಪಕ್ಕದ ಮಲ್ಪೆಯಲ್ಲಿ. ಇನ್ಸುಲಿನ್ ತಣ್ಣಗಿಡಲು ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ರತ್ನಾಕರ ಎಂಬವರು ದಿನವೂ ಒಂದು ತುಂಡು ಐಸ್ ತಂದುಕೊಡುತ್ತಿದ್ದರು. ಅದನ್ನು ಫ್ಲಾಸ್ಕಿಗೆ ಹಾಕಿ, ಮೇಲೆ ಬಟ್ಟೆ ಸುತ್ತಿದ ಔಷಧದ ಬಾಟಲಿ ಇಡುವುದು ಅಮ್ಮನ ಕೆಲಸ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿ ಪ್ಲಾಂಟ್ ಮುಚ್ಚಿದರೆ ರತ್ನಾಕರ ಉಡುಪಿಯವರೆಗೆ ಸೈಕಲ್ ತುಳಿದು ಐಸ್ ತರುತ್ತಿದ್ದರು. ಹೀಗೆ ಆರು ವರ್ಷ.

ಮೂವತ್ತು ದಾಟುವುದು ಕಷ್ಟ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದು ಬಾಗಿಲಾಚೆ ನಿಂತಿದ್ದ ಹುಡುಗಿಗೂ ಕೇಳಿಸಿತ್ತು. ಅಂದಿನಿಂದ ಅವರು ಯಾವ ಕೆಲಸವನ್ನೂ ದೂರಕ್ಕೆ ಯೋಚಿಸಿದವರಲ್ಲ. ಗಂಡ ಸುರೇಶರಿಗೆ ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದರು. ಅವರು ಕೇಳಿದ್ದು, ಇಂಜೆಕ್ಷನ್ ಕೊಡಲು ತನಗೂ ಕಲಿಸುತ್ತೀಯಾ ಎಂದಷ್ಟೆ. ಆರು ವರ್ಷದ ಹಿಂದೆ, 1991ರಲ್ಲಿ, ಮದುವೆಯ ನಂತರ ಬಂದು ನೆಲೆಸಿದ ಈ ಊರಿನಲ್ಲಿ, ಮೋಹಿನಿಗೆ ಮೂವತ್ತು ತುಂಬಿತು. ಮರುವಾರವೇ ಹೋಗಿ ರಕ್ತ ತೆಗೆಯುವ ತರಬೇತಿಗೆ ಹೆಸರು ಬರೆಸಿದರು.

ಕೆಲಸ ಸಿಕ್ಕಾಗ ಕಾಯಿಲೆಯ ವಿಷಯ ಬಾಯಿಬಿಡಲಿಲ್ಲ. ಎರಡನೇ ವರ್ಷದ ಒಂದು ಬೆಳಿಗ್ಗೆ ಸಕ್ಕರೆ ಕುಸಿದು, ಸೂಜಿ ಹಿಡಿದಿದ್ದ ಮೋಹಿನಿ ಬೆವರತೊಡಗಿದರು. ಮಂಚದ ಮೇಲಿದ್ದವರು ಡಾಸನ್ ಎಂಬ ನಿವೃತ್ತ ಅಂಚೆಯಣ್ಣ. ಅವರ ತಂಗಿಗೂ ಇದೇ ಕಾಯಿಲೆ ಇತ್ತಂತೆ. ಆ ಬೆವರು ಕಂಡದ್ದೇ ಅವರು ತಮ್ಮ ತಿಂಡಿಗಿದ್ದ ಕಿತ್ತಳೆ ರಸವನ್ನು ಮುಂದೆ ಮಾಡಿ ಕುಡಿಸಿದರು. ಕಾಲು ಗಂಟೆಯ ಮೇಲೆ, ಈಗ ತೆಗೆಯಮ್ಮ ಎಂದು ಅದೇ ತೋಳು ಚಾಚಿದರು.

ಅಂದೇ ಮೋಹಿನಿ ಮೇಲಧಿಕಾರಿಯ ಬಳಿ ಹೋಗಿ ನಿಜ ಹೇಳಿದರು. ಕೆಲಸ ಹೋಗಲಿಲ್ಲ, ಸಕ್ಕರೆ ನೋಡಿಕೊಂಡು ಏನಾದರೂ ತಿನ್ನಲು ಏಳು ಗಂಟೆಗೆ ಹತ್ತು ನಿಮಿಷದ ಬಿಡುವು ನಿಗದಿಯಾಯಿತು.

“ಕಾಯಿಲೆಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡವಳಲ್ಲ ನಾನು” ಎನ್ನುತ್ತಾರೆ ಅವರು. “ಕೋಪ ಈಗಲೂ ಉಂಟು. ಆದ್ರೆ ಕೈಹಿಡಿದ ಜನರಿಗೆ ಥ್ಯಾಂಕ್ಸ್ ಹೇಳ್ತೇನೆ. ಡಾಸನ್ ಡಿಸ್ಚಾರ್ಜ್ ಆಗುವ ದಿನ ಹೋಗಿ ಹೇಳಿದೆ. ರತ್ನಾಕರಣ್ಣನಿಗೆ ಹೇಳ್ಲಿಕ್ಕೇ ಆಗ್ಲಿಲ್ಲ, ನಾನು ಊರಿಗೆ ಹೋಗುವಷ್ಟರಲ್ಲಿ ಅವರು ತೀರಿಹೋಗಿದ್ರು. ಅದಕ್ಕೇ ಈಗ ತಡ ಮಾಡುದಿಲ್ಲ.”

ಮಧುಮೇಹದಿಂದ ಹಾಳಾಗುತ್ತಿರುವ ಬಲಗಣ್ಣಿಗೆ ಎರಡು ಸಲ ಲೇಸರ್ ಚಿಕಿತ್ಸೆ ಆಗಿದೆ. ವಯಸ್ಸಾದ ರೋಗಿಗಳು ದಿನವೂ ಮಂಡಿ ನೋವು ಹೇಳಿಕೊಳ್ಳುತ್ತಾರೆ. ಮೋಹಿನಿ ಮುಗಿಯುವ ತನಕ ಕೇಳುತ್ತಾರೆ. ನಿಮಗೇನು ಆಸೆ ಎಂದರೆ, ಕೈಗವಸು ಬದಲಿಸುತ್ತಾ ಹೇಳುತ್ತಾರೆ.

“ನಂಗೂ ಒಂದು ದಿನ ಬರೇ ವಯಸ್ಸಾಯ್ತು ಅಂತ ಮಂಡಿ ನೋಯಬೇಕು.”