ಕೆಂಪಿಗೆ ನಾಳೆಯ ಸುದ್ದಿ ಹೇಳಿದ ದಿನ

ನಾನು ಚಿಕ್ಕವನಿದ್ದಾಗ ಕಂಪ್ಲಿ ಹತ್ತಿರದ ನಮ್ಮೂರಿನಲ್ಲಿ ಎಲ್ಲವೂ ಕಾಲುವೆಯನ್ನು ನೋಡಿಕೊಂಡೇ ನಡೆಯುತ್ತಿತ್ತು. ನೀರಿದ್ದರೆ ಭತ್ತ, ಕಬ್ಬು, ಊರ ತುಂಬ ಬೆಲ್ಲ ಕಾಯಿಸುವ ವಾಸನೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿದರೆ ಅದೇ ಕಾಲುವೆ ನಮ್ಮ ಆಟದ ಬಯಲು. ಒಣಗಿದ ಕೆಸರು ಹಪ್ಪಳದಂತೆ ಎದ್ದು ಕಾಲಡಿ ಪಟಪಟ ಮುರಿಯುತ್ತಿತ್ತು. ಖಾಲಿ ಚಿಪ್ಪುಗಳನ್ನು ಜೇಬಿಗೆ ತುಂಬಿಕೊಂಡು ಬಂದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದೆ.

ಆ ಬೇಸಿಗೆ ನಮ್ಮ ಓಣಿಯ ನಾಯಿ ಕೆಂಪಿ, ಸೇತುವೆಯ ಕೆಳಗೆ ಕಾಲುವೆಯ ತಳದಲ್ಲೇ ಮರಿ ಹಾಕಿತ್ತು. ಅಂಥ ತಂಪು ಜಾಗ ಊರಲ್ಲಿ ಇನ್ನೊಂದಿರಲಿಲ್ಲ. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎತ್ತಿಕೊಂಡರೆ ಹಾಲಿನ ವಾಸನೆ, ಮಣ್ಣಿನ ವಾಸನೆ, ಅಂಗೈಯಲ್ಲಿ ಡವಡವ ಬಡಿಯುವ ಪುಟ್ಟ ಎದೆ.

ಒಂದು ಮುಂಜಾನೆ ಡಂಗುರ ಸಾರುವವನು ಹಲಗೆ ಬಡಿಯುತ್ತ ಓಣಿಗೆ ಬಂದ.

"ಕೇಳ್ರಪೋ ಕೇಳ್ರಿ! ನಾಳೆ ಮುಂಜಾನಿ ಕಾಲುವಿಗೆ ನೀರು ಬಿಡ್ತಾರ! ದನಾ ಕರಾ ಇಳಿಸಬ್ಯಾಡ್ರಿ!"

ಭತ್ತದ ಸಸಿಗೆ ನೀರಿನ ದಾರಿ ಕಾಯುತ್ತಿದ್ದ ಅಪ್ಪ ಹಿಗ್ಗಿದರು. ನಾನು ಮಾತ್ರ ಕೆಂಪಿಯ ಮರಿಗಳನ್ನು ನೆನೆದು ಅಕ್ಕನನ್ನು ಕರೆಯಲು ಓಡಿದೆ.

ಕೆಂಪಿ ತಿನ್ನಲು ಹುಡುಕಿಕೊಂಡು ಹೋಗಿದ್ದ ಹೊತ್ತು ನೋಡಿ ಅಕ್ಕನೂ ನಾನೂ ಮರಿಗಳನ್ನು ಬುಟ್ಟಿಯಲ್ಲಿ ತಂದು ಕೊಟ್ಟಿಗೆಯಲ್ಲಿ ಮಲಗಿಸಿದೆವು. ಕೊಟ್ಟಿಗೆಗೆ ಕದವಿರಲಿಲ್ಲ. ನಾವು ಕೈ ತೊಳೆದು ರೊಟ್ಟಿ ಮುರಿಯುವಷ್ಟರಲ್ಲಿ ಕೆಂಪಿ ಬಂದು, ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು, ಎಲ್ಲವನ್ನೂ ಮತ್ತೆ ಸೇತುವೆ ಕೆಳಗೆ ಸಾಗಿಸಿಬಿಟ್ಟಿತು. ಹಿಂದೆಯೇ ಓಡಿದರೆ ಹಲ್ಲು ತೋರಿಸಿತು. ದಿನಾ ನನ್ನ ಕೈಯಿಂದ ರೊಟ್ಟಿ ತಿನ್ನುತ್ತಿದ್ದ ನಾಯಿ!

ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು ಬೇಡಿಕೊಂಡೆ. "ನಾಳೆ ನೀರು ಬರ್ತೈತಿ ಕೆಂಪಿ. ಭಾಳ ನೀರು. ಮರಿ ಮುಳುಗ್ತಾವ." ನಾನು ಅಳುತ್ತಿರುವುದು ಅದಕ್ಕೆ ತಿಳಿಯಿತು, ಮೆಲ್ಲಗೆ ಬಾಲ ಅಲ್ಲಾಡಿಸಿತು. ಆದರೆ ಮರಿಗಳನ್ನು ಬಿಟ್ಟು ಏಳಲಿಲ್ಲ.

ಹೊಲಕ್ಕೆ ಹೊರಟಿದ್ದ ಅಪ್ಪ ಸೇತುವೆ ಮೇಲೆ ನಿಂತು ನೋಡಿದರು. "ಅದಕ್ಕೂ ಮಾತೈತಿ ಬಿಡು. ಹಾವು ಕಂಡ್ರ ಒಂಥರಾ ಬೊಗಳ್ತೈತಿ, ಹೊಸಬರು ಬಂದ್ರ ಇನ್ನೊಂಥರಾ. ಆದ್ರ ಎಲ್ಲಾ ಕಣ್ಣ ಮುಂದಿಂದು. ಇನ್ನೂ ಬರದ ನೀರಿಗೆ ಅದು ಹೆಂಗ ಬೊಗಳಬೇಕು?"

ನಾನು ಯೋಚಿಸುತ್ತ ಕೂತೆ. ಡಂಗುರದವನೂ ಆ ನೀರನ್ನು ನೋಡಿರಲಿಲ್ಲ. ಅದಿನ್ನೂ ಹೊಸಪೇಟೆಯ ಅಣೆಕಟ್ಟಿನ ಹಿಂದೆ ಸುಮ್ಮನೆ ನಿಂತಿತ್ತು. ಆದರೂ ಅವನ ಬಾಯಿಂದ ಅದು ಒಂದು ದಿನ ಮೊದಲೇ ನಮ್ಮ ಓಣಿಗೆ ಬಂದಿತ್ತು. ಕೆಂಪಿಯ ಹತ್ತಿರ ಅದನ್ನು ಒಯ್ಯುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಬಿಸಿಲೇರಿತು. ಬಾಯಾರಿರಬಹುದೆಂದು ಒಂದು ಚೊಂಬು ನೀರು ತಂದು ಕೆಂಪಿಯ ಮುಂದಿಡಲು ಹೋದೆ. ಅದು ಗುರ್ರ್ ಎಂದಿತು. ನಾನು ಬೆಚ್ಚಿದೆ, ಚೊಂಬು ಉರುಳಿತು. ನೀರು ತೆಳ್ಳಗೆ ಹರಿದು ಒಂದು ಮರಿಯ ಹೊಟ್ಟೆ ಮುಟ್ಟಿತು. ಮರಿ ಕುಂಯ್ ಎಂದದ್ದೇ ತಡ, ಕೆಂಪಿ ಅದನ್ನೆತ್ತಿ ಒಣ ಜಾಗಕ್ಕೆ ಇಟ್ಟಿತು.

ಅಕ್ಕ ನನ್ನ ತೋಳು ಹಿಡಿದೆಳೆದಳು. "ಲೇ, ಜಲ್ದಿ ಬಾ! ಕೊಡ ತರೂಣು!"

ಬೋರಿಂಗಿನ ಹತ್ತಿರ ಹೆಂಗಸರು ಸಾಲುಗಟ್ಟಿದ್ದರು. "ಬ್ಯಾಸಿಗ್ಯಾಗ ಕುಡಿಯೋ ನೀರು ನಾಯಿಗೆ ಸುರೀತೀರೇನು? ತಲಿ ನೆಟ್ಟಗೈತಿಲ್ಲೋ?" ಎಂದು ಒಬ್ಬಾಕೆ ರೇಗಿದರು.

"ನಾಳಿನ ನೀರು ಅದಕ್ಕ ಇವತ್ತ ತೋರಸ್ಬೇಕ್ರಿ" ಎಂದಳು ಅಕ್ಕ. ರೇಗಿದಾಕೆಯೇ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ನಮ್ಮ ಜೊತೆ ಬಂದರು.

ಕಾಲುವೆಯ ತಳದಲ್ಲೇ, ಸೇತುವೆಗಿಂತ ತುಸು ಮೇಲಕ್ಕೆ ನಿಂತು ಮೆಲ್ಲಗೆ, ಬಿಡದೆ ಸುರಿದೆವು. ಕಾದ ಮಣ್ಣು ಹಬೆಯಾಡಿ ಘಮ್ಮೆಂದಿತು. ನೀರು ತಿರುಗಿ ತಿರುಗಿ ಕೆಂಪಿಯ ಕಾಲಿಗೇ ಬಂತು. ಅದು ಮೂಸಿತು, ಪಕ್ಕಕ್ಕೆ ಸರಿಯಿತು. ಅಲ್ಲಿಗೂ ನೀರು ಬಂತು. ಕೊನೆಗೆ ಒಂದು ಮರಿಯನ್ನು ಕಚ್ಚಿಕೊಂಡು ದಡ ಹತ್ತಿ, ನೆಟ್ಟಗೆ ನಮ್ಮ ಹುಲ್ಲಿನ ಬಣವೆಯ ಬುಡಕ್ಕೆ ಹೋಯಿತು. ಮತ್ತೆ ಬಂತು, ಮತ್ತೊಂದನ್ನು ಒಯ್ದಿತು. ಕೊನೆಯ ಮರಿ ದಡ ಹತ್ತುವವರೆಗೂ ನಾವು ಕೊಡ ಕೆಳಗಿಡಲಿಲ್ಲ. ನನಗಾದ ಸಂತೋಷ ಹೇಳತೀರದು.

ಮರುದಿನ ನೊರೆ, ತರಗೆಲೆ, ಕಡ್ಡಿಗಳನ್ನೆಲ್ಲ ದೂಡಿಕೊಂಡು ಕಾಲುವೆ ಬಂತು. ನೋಡುನೋಡುತ್ತ ಕೆಂಪಿಯ ಹಳೆಯ ಜಾಗ ಮುಳುಗಿತು. ಕೆಂಪಿ ದಡದಲ್ಲಿ ನಿಂತು ಆ ನೀರಿಗೆ ಜೋರಾಗಿ ಬೊಗಳಿತು. ಅದರ ಡಂಗುರ ಆಗ ಶುರುವಾಯಿತು.

ಮೊಮ್ಮಕ್ಕಳೇ, ಈಗ ಹಲಗೆಯವನಿಲ್ಲ. ನಾಳೆ ಎಷ್ಟು ಹೊತ್ತಿಗೆ ಮಳೆ ಎಂಬುದನ್ನೂ ನಿಮ್ಮ ಫೋನೇ ಹೇಳುತ್ತದೆ. ನಿಮಗೋ 'ನಾಳೆ' ಎಂದರೆ ಹೋಂವರ್ಕಿನಿಂದ ತಪ್ಪಿಸಿಕೊಳ್ಳುವ ಪದ! ಆದರೆ ಬೆಳಿಗ್ಗೆ ನಿಮ್ಮ ಶಾಲೆಯ ವ್ಯಾನು ಮರೆಯಾದ ಮೇಲೆ ನಮ್ಮ ಗೇಟಿನ ಹತ್ತಿರ ಏನಾಗುತ್ತದೆಂದು ನೀವು ನೋಡಿಲ್ಲ. "ಸಂಜಿಗೆ ಬರ್ತೀವಿ" ಎಂದು ನನಗೂ ನಿಮ್ಮ ನಾಯಿಗೂ ಹೇಳಿಯೇ ಹೋಗಿರುತ್ತೀರಿ. ನಾನು ಆ ಮಾತು ಹಿಡಿದುಕೊಂಡು ಹಾಯಾಗಿ ಚಹಾ ಕುಡಿಯುತ್ತೇನೆ. ಅದು ಮಾತ್ರ ಸರಳಿಗೆ ಮೂತಿ ಆನಿಸಿ, ನೀವು ಇನ್ನೆಂದೂ ಬರುವುದಿಲ್ಲವೇನೋ ಎಂಬಂತೆ ಅಳುತ್ತದೆ. ಆಗ ನಿಮ್ಮ ನಿನ್ನೆಯ ಅಂಗಿಯನ್ನು ತಂದು ಅದರ ಮುಂದೆ ಹಾಕುತ್ತೇನೆ. ಮೂಸಿ, ಅದರ ಮೇಲೆ ತಲೆಯಿಟ್ಟು ಮಲಗುತ್ತದೆ.

ನಿಮ್ಮ ಅಂಗಿಗೆಲ್ಲ ನಾಯಿಯ ಕೂದಲು ಎಲ್ಲಿಂದ ಬಂತೆಂದು ಅಮ್ಮ ಗದರುತ್ತಾಳಲ್ಲ, ಅದು ಹೀಗೆ.