ಮಿಂಚುಹುಳದ ತೋಪಿಗೆ ಅವ್ವನ ಜೊತೆ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆಗ ಯಾವ ಮನೆಯ ಬಾಗಿಲು ತಳ್ಳಿದರೂ ಒಳಗೊಂದು ಮಗ್ಗ ಇರುತ್ತಿತ್ತು. ಬೆಳಗಾಗುವ ಮೊದಲೇ ಶುರುವಾದ ಲಾಳಿಯ ಸದ್ದು ದೀಪ ಹಚ್ಚುವ ಹೊತ್ತಿನವರೆಗೂ ನಡೆಯುತ್ತಿತ್ತು. ನಡುವೆ ನಿಂತರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಅರ್ಥ. ಬೇಸಿಗೆ ರಜೆಯಲ್ಲಿ ನಾವು ಹುಡುಗಿಯರು ಜಗುಲಿಯ ಮೇಲೆ ಹುಣಸೆ ಬೀಜ ಇಟ್ಟುಕೊಂಡು ಅಳಗುಳಿಮಣೆ ಆಡುತ್ತಿದ್ದೆವು. ಒಳಗಿನಿಂದ ಹಸಿ ರೇಷ್ಮೆಯ ವಾಸನೆ, ಗಂಜಿಯ ವಾಸನೆ, ಎದುರು ಮನೆಯವರು ಕೆಂಡದಲ್ಲಿ ಸುಡುತ್ತಿದ್ದ ಹಲಸಿನ ಬೀಜದ ವಾಸನೆ ಎಲ್ಲ ಸೇರಿ ಬರುತ್ತಿತ್ತು. ಅಂಥ ಬೀದಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಆ ವಾಸನೆ ಲಂಗಕ್ಕೆ ಅಂಟಿಕೊಂಡು ಶಾಲೆಗೂ ನಮ್ಮ ಹಿಂದೆಯೇ ಬರುತ್ತಿತ್ತು.

ನಾನು ಹೇಳಹೊರಟಿರುವುದು ಅಂಥದೊಂದು ಬೇಸಿಗೆಯ ಮಾತು. ಆ ವರ್ಷ ನಮ್ಮ ಮನೆಗೆ ಒಂದು ಕೂಸು ಬರಬೇಕಿತ್ತು. ತಮ್ಮನೇ ಬರುತ್ತಾನೆ ಅಂತ ನಾನು ತೀರ್ಮಾನ ಮಾಡಿ, ಬೀದಿಯ ಹುಡುಗಿಯರಿಗೆಲ್ಲ ಸಾರಿದ್ದೆ. ಅಪ್ಪ ಮಗ್ಗದ ಮೇಲಿನ ತೊಲೆಗೆ ತೊಟ್ಟಿಲ ಹಗ್ಗ ಕಟ್ಟಿಟ್ಟಿದ್ದರು. ಅವ್ವ ಆಸ್ಪತ್ರೆಗೆ ಹೋದಳು, ವಾಪಸ್ಸು ಬರುವಾಗ ಅವಳ ಕೈಯಲ್ಲಿ ಏನೂ ಇರಲಿಲ್ಲ. ನನಗೆ ಯಾರೂ ಏನೂ ಹೇಳಲಿಲ್ಲ. ಕೂಸು ನಿಲ್ಲಲಿಲ್ಲ ಅಂತ ಹಿತ್ತಲಿನಲ್ಲಿ ಗೌರತ್ತೆ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು. ನಿಲ್ಲದ ಕೂಸು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಗೌರತ್ತೆ ಅಪ್ಪನ ಅಕ್ಕ. ಯಳಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಕಟ್ಟಿ ಮಾರುತ್ತಿದ್ದಳು. ಅವ್ವ ಮನೆಗೆ ಬಂದ ದಿನದಿಂದ ಅವಳು ನಮ್ಮಲ್ಲೇ ಉಳಿದಳು. ದಿನವೂ ಮಲ್ಲಿಗೆಯ ಮೊಗ್ಗು ತರಿಸಿ, ದಟ್ಟವಾಗಿ ಕಟ್ಟಿ, ಅದನ್ನು ಅವ್ವನ ಮುಡಿಗೆ ಇಡದೆ ರವಿಕೆಯ ಒಳಗೆ ಎದೆಗೆ ಒತ್ತಿ ಕಟ್ಟುತ್ತಿದ್ದಳು. ಹೂವನ್ನು ಯಾಕೆ ಅಲ್ಲಿ ಮುಡಿಸುತ್ತಾಳೆ ಅಂತ ನನಗೆ ತಿಳಿಯಲಿಲ್ಲ. ಕುಡಿಯುವ ಬಾಯಿಲ್ಲದ ಹಾಲು ಬತ್ತಲಿ ಅಂತ ಹಾಗೆ ಕಟ್ಟುತ್ತಾರೆ ಎನ್ನುವುದು ಗೊತ್ತಾದದ್ದು ನಾನೇ ತಾಯಿಯಾದ ಮೇಲೆ. ಆಗ ನನಗಿದ್ದುದು ಆ ವಾಸನೆ ಮಾತ್ರ. ಇಡೀ ಮನೆ ಮದುವೆಮನೆಯ ಹಾಗೆ ಘಮಘಮ ಅನ್ನುತ್ತಿತ್ತು, ಅವ್ವ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಬಾಣಂತನ ಮುಗಿಯುವ ಮೊದಲೇ ಅವಳು ಎದ್ದು ಮಗ್ಗಕ್ಕೆ ಇಳಿದಳು. ಅತ್ತೆ ಬೈದಳು, ಅಪ್ಪ ಬೇಡವೆಂದರು. ಕೇಳಲಿಲ್ಲ. ಮದುವೆಯ ಕಾಲ, ಸೀರೆಗಳು ಹೋಗಬೇಕಿತ್ತು ನಿಜ. ಆದರೆ ಅವಳು ನೇಯುತ್ತಿದ್ದುದು ಅದಕ್ಕಲ್ಲ. ಲಾಳಿ ಆಡುತ್ತಿರುವಷ್ಟು ಹೊತ್ತು ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ಮತ್ತೆ ಮಗ್ಗದ ಗುಂಡಿಗೆ ಇಳಿಯುತ್ತಿದ್ದಳು. ಅವಳು ಕಣ್ಣು ಮುಚ್ಚುವುದೇ ಇಲ್ಲ ಅಂತ ಅಪ್ಪ ಅತ್ತೆಯ ಹತ್ತಿರ ಹೇಳಿಕೊಂಡರು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು. ನನ್ನ ತಲೆ ಬಾಚುವಾಗಲೂ ಕೈ ಇಲ್ಲಿ, ಅವಳು ಬೇರೆಲ್ಲೋ. ನಾನು ಜಗುಲಿಯ ಆಟಕ್ಕೆ ಹೋಗುವುದನ್ನು ಬಿಟ್ಟು, ಅವಳ ಹಿಂದೆ ಕೂತು ರಾಟೆಯಲ್ಲಿ ನೂಲು ಸುತ್ತಿಕೊಡತೊಡಗಿದೆ. ಇಬ್ಬರ ನಡುವೆ ರಾಟೆಯ ಕಿರ್ರೆನ್ನುವ ಸದ್ದೊಂದೇ.

ಅತ್ತೆ ಯಳಂದೂರಿಗೆ ವಾಪಸ್ಸು ಹೋಗಿ, ಕೆಲವು ದಿನ ಬಿಟ್ಟು ಒಂದು ಭಾನುವಾರ ಬೆಳಗ್ಗೆ ಬಂದಳು. ಮಳೆ ಬಿದ್ದು ನೆಲ ತಣ್ಣಗಾಗಿತ್ತು. ಅವಳ ಊರಿನ ನಾಗರಾಜ ಮೇಷ್ಟ್ರು ಪ್ರತಿ ವರ್ಷ ಮೊದಲ ಮಳೆ ಬಿದ್ದ ಮೇಲೆ ಟೆಂಪೊ ಮಾಡಿಕೊಂಡು, ಬರುವ ಜನರನ್ನೆಲ್ಲ ಕೂರಿಸಿಕೊಂಡು ಬೆಟ್ಟದ ಬುಡದ ಒಂದು ತೋಪಿಗೆ ಮಿಂಚುಹುಳ ತೋರಿಸಲು ಕರೆದುಕೊಂಡು ಹೋಗುತ್ತಿದ್ದರಂತೆ. ಮೈಸೂರಿನವರೆಲ್ಲ ಬರುತ್ತಾರಂತೆ. ಆ ಸಂಜೆಗೆ ತನಗೆ, ಅವ್ವನಿಗೆ, ನನಗೆ ಜಾಗ ಹೇಳಿ ಬಂದಿದ್ದಳು.

ಅವ್ವ ತಲೆಯೆತ್ತದೆ, "ನಾನು ಬರ್ನಾರೆ ಅಕ್ಕ. ಮಂಜಿನ ಕರ್ಕಂಡೋಗು" ಅಂತ ನನ್ನ ಕಡೆ ಕೈ ತೋರಿಸಿದಳು.

ಅತ್ತೆ ಮಗ್ಗದ ಅಂಚಿನಲ್ಲಿ ಕೂತಳು. ಅವ್ವನ ಕೈಯಿಂದ ಲಾಳಿ ಬಿಡಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ನೀ ಏನೂ ನೋಡದು ಬ್ಯಾಡ ಕನವ್ವ. ಸುಮ್ನೆ ಬಂದು ಕೂತ್ಗ. ಇಲ್ಲೂ ಕೂತೇ ಇದ್ದೀಯಲ್ಲ."

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹೋಗಿ ಬಾ ಅಂತ ಬಾಯಿಬಿಟ್ಟು ಹೇಳಲಿಲ್ಲ, ಗೂಟದಿಂದ ಅವ್ವನ ಹಸಿರು ಸೀರೆ ತೆಗೆದು ಮಗ್ಗದ ಮೇಲಿಟ್ಟು ಹೊರಗೆ ಹೋದರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅವ್ವ ಆ ಸೀರೆಯನ್ನೇ ನೋಡುತ್ತ ಬಹಳ ಹೊತ್ತು ಕೂತು, ಕೊನೆಗೆ ಎದ್ದಳು.

ಮಾಂಬಳ್ಳಿಯ ಮೇಲೆ ಹೋಗುವ ಬಸ್ಸಿನಲ್ಲಿ ಯಳಂದೂರು ಸೇರಿದೆವು. ಅತ್ತೆಯ ಮನೆಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಬಿಸಿಲು ಇಳಿದ ಮೇಲೆ ಮೇಷ್ಟ್ರ ಟೆಂಪೊ ಹತ್ತಿದೆವು. ಮೇಷ್ಟ್ರು ತೆಳ್ಳಗೆ ಉದ್ದಕ್ಕಿದ್ದರು, ಮಾತು ಜಾಸ್ತಿ. ಅಲ್ಲಿ ಟಾರ್ಚ್ ಹಾಕಬಾರದು, ಬೀಡಿ ಸೇದಬಾರದು, ಹುಳ ಹಿಡಿದು ಬೆಂಕಿಪೊಟ್ಟಣಕ್ಕೆ ತುಂಬಬಾರದು ಅಂತ ದಾರಿಯುದ್ದಕ್ಕೂ ಹೇಳಿದರು. ಕೊನೆಯದನ್ನು ನನ್ನನ್ನು ನೋಡಿಯೇ ಹೇಳಿದರು. ಟೆಂಪೊದಲ್ಲಿ ಮೈಸೂರಿನ ಒಂದು ದೊಡ್ಡ ಸಂಸಾರವಿತ್ತು. ಮನೆಯ ಯಜಮಾನರು ಸಫಾರಿ ಸೂಟು ಹಾಕಿಕೊಂಡಿದ್ದರು. ಹುಳ ಎಷ್ಟು ಹೊತ್ತಿಗೆ ಬರುತ್ತವೆ ಅಂತ ಹತ್ತಿದಾಗಿನಿಂದ ಕೇಳುತ್ತಿದ್ದರು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಟೆಂಪೊ ಗುಂಡಿಗೆ ಇಳಿದಾಗಲೆಲ್ಲ ಅವಳ ತಲೆ ಸರಳಿಗೆ ತಾಗುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಗುಂಬಳ್ಳಿ ದಾಟಿ, ಚೆಕ್‌ಪೋಸ್ಟಿಗೂ ಮೊದಲೇ ಮಣ್ಣಿನ ದಾರಿ ಹಿಡಿದು ಹೋದರೆ ಒಂದು ಹಳ್ಳ. ಅದರ ಆಚೆ ದಡದಲ್ಲಿ ಹೊಂಗೆ, ಮತ್ತಿ, ಹುಣಸೆ ಮರಗಳ ತೋಪು. ಈಚೆ ದಡದ ಬಯಲಿನಲ್ಲಿ ಚಾಪೆ ಹಾಸಿ ಕೂತೆವು. ಬೆಟ್ಟದ ಸಾಲು ಮೊದಲು ನೀಲಿಯಾಗಿ, ಆಮೇಲೆ ಕಪ್ಪಾಗಿ, ಆಮೇಲೆ ಇಲ್ಲವೇ ಇಲ್ಲ ಅನ್ನುವ ಹಾಗಾಯಿತು. ಒದ್ದೆ ಮಣ್ಣಿನ ವಾಸನೆ, ಎಲ್ಲೋ ಕಪ್ಪೆಗಳ ಸದ್ದು. ತೋಪಿನಲ್ಲಿ ಏನೂ ಇಲ್ಲ.

ಕಾದೆವು. ಚಿತ್ರಾನ್ನ ತಿಂದು ಮುಗಿಯಿತು. ಒಂದಿಷ್ಟು ಹನಿ ಹಾಕಿ ನಿಂತಿತು. ಮೈಸೂರಿನ ಮಕ್ಕಳು ಅಳತೊಡಗಿದವು. ಸಫಾರಿಯವರು ಎದ್ದು, ಇಷ್ಟು ದೂರ ಕರೆತಂದು ಕತ್ತಲು ತೋರಿಸುತ್ತಿದ್ದೀರಾ ಅಂತ ಕೇಳಿದರು. ಮೇಷ್ಟ್ರ ಮಾತೆಲ್ಲ ಆಗಲೇ ಮುಗಿದಿತ್ತು.

"ಅವು ನಾವ್ ಕರ್ದ್ರೆ ಬರವಲ್ಲ ಸಾ" ಅಂದರು. "ವಾದ್ ವರ್ಸ ಬಂದಿದ್ವು. ಈ ವರ್ಸ ಬತ್ತವೆ ಅಂತ ನಾನೆಂಗೆ ಯೋಳ್ಲಿ?"

ಇನ್ನು ಸ್ವಲ್ಪ ನೋಡಿ ಹೊರಟುಬಿಡೋಣ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ನನಗೆ ಅಳು ಬಂತು. ಹುಳಕ್ಕಾಗಿ ಅಲ್ಲ. ಅವ್ವ ಏನನ್ನಾದರೂ ನೋಡಲಿ, ನೋಡಿ ಒಂದು ಸಲ ಬಾಯಿಬಿಟ್ಟು ಮಾತಾಡಲಿ ಅಂತ ಬೆಳಗಿನಿಂದ ಕಾದಿದ್ದೆ. ತಿರುಗಿ ನೋಡಿದರೆ ಅವ್ವ ಚಾಪೆಯ ಮೇಲೆ ಕಾಲು ಮಡಿಸಿಕೊಂಡು, ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ.

ಆಗಲೇ ಒಂದು ಹೊಂಗೆ ಮರದಲ್ಲಿ ಬೆಳಕು ಕಾಣಿಸಿತು. ಒಂದು, ಅದರ ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದ ಹಾಗೇ ಆ ಮರದ ಎಲೆಯೆಲ್ಲ ಒಟ್ಟಿಗೆ ಹೊತ್ತಿ, ಒಟ್ಟಿಗೆ ಆರಿತು. ಆರಿದ ಬೆಳಕನ್ನು ಪಕ್ಕದ ಮರ ಎತ್ತಿಕೊಂಡಿತು, ಅದರಿಂದ ಅದರಾಚೆಯ ಮರ. ಹಾಗೆ ಹಳ್ಳದ ಉದ್ದಕ್ಕೂ ಬೆಳಕು ಹರಿದು ಹೋಗಿ, ಕತ್ತಲಾಗಿ, ಮತ್ತೆ ಮೊದಲ ಮರದಿಂದ ಶುರುವಾಯಿತು. ಬಿಳಿಯೂ ಅಲ್ಲ, ಹಸಿರೂ ಅಲ್ಲ. ಹಳ್ಳದ ನೀರಿನಲ್ಲೂ ಅದೇ. ಅಳುತ್ತಿದ್ದ ಮಕ್ಕಳು ಕೇಕೆ ಹಾಕಿದವು, ಯಾರೋ ಚಪ್ಪಾಳೆ ತಟ್ಟಿದರು.

ನಾನು ಅವ್ವನ ಭುಜ ಹಿಡಿದೆ. ಅತ್ತೆ ನನ್ನ ಕೈ ತೆಗೆದಳು.

"ಎಬ್ಬಿಸ್ಬ್ಯಾಡ ಮಗ."

"ನೋಡ್ಲಿ ಅತ್ತೆ. ಒಂದ್ಸಲ ನೋಡಿ ಮನಿಕಳ್ಳಿ."

"ಇವು ಮುಂದ್ಲೊರ್ಸ ಬತ್ತವೆ. ಆ ನಿದ್ದೆ ಎಂದ್ ಬತ್ತದೋ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅತ್ತೆ ಮೇಷ್ಟ್ರನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವರು ಒಬ್ಬೊಬ್ಬರ ಹತ್ತಿರವೂ ಹೋಗಿ ಬಗ್ಗಿ ಪಿಸುಗುಟ್ಟಿದರು. ಏನು ಹೇಳಿದರೋ, ಚಪ್ಪಾಳೆ ನಿಂತಿತು, ಮಕ್ಕಳ ಬಾಯನ್ನು ತಾಯಂದಿರು ಮುಚ್ಚಿದರು. ಗುರುತಿಲ್ಲದ ಅಷ್ಟು ಜನ ಒಬ್ಬ ಹೆಂಗಸು ಮಲಗಿದ್ದಾಳೆ ಅಂತ ಉಸಿರು ಬಿಗಿಹಿಡಿದು ಕೂತರು. ಸಫಾರಿಯವರ ಹೆಂಡತಿ ಎದ್ದು ಬಂದು, ತಾವು ಹೊದ್ದಿದ್ದ ಶಾಲನ್ನು ಅವ್ವನ ಕಾಲ ಮೇಲೆ ಹೊದಿಸಿ ಹೋದರು. ನಾನು ಒಂದು ಕಣ್ಣು ತೋಪಿನ ಮೇಲೆ, ಒಂದು ಕಣ್ಣು ಅವ್ವನ ಮೇಲೆ ಇಟ್ಟು ಕೂತೆ. ಬೆಳಕು ಬಂದಾಗ ಅವಳ ಮುಖ ಕಾಣುತ್ತಿತ್ತು, ಹೋದಾಗ ಕಾಣುತ್ತಿರಲಿಲ್ಲ.

ಮಳೆ ಮತ್ತೆ ಶುರುವಾಗಿ, ಹುಳಗಳೆಲ್ಲ ಅಡಗಿದವು. ಅತ್ತೆ ಅವ್ವನನ್ನು ಮೆಲ್ಲಗೆ ಎಬ್ಬಿಸಿದಳು. ಟೆಂಪೊದಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ಬಂದಿದ್ವಾ ಮಗ? ಎಂಗಿದ್ವು ಯೋಳು" ಅಂದಳು.

ಹೇಳಿದೆ. ಯಳಂದೂರು ಬರುವವರೆಗೂ ಹೇಳಿದೆ. ಮರ ಮರಕ್ಕೆ ಬೆಳಕು ದಾಟಿದ್ದು, ನೀರಿನಲ್ಲಿ ಕಂಡದ್ದು, ಚಪ್ಪಾಳೆ ತಟ್ಟಿದವರನ್ನು ಮೇಷ್ಟ್ರು ಸುಮ್ಮನಿರಿಸಿದ್ದು. ಅವ್ವ ನಡುನಡುವೆ ಕೇಳುತ್ತಿದ್ದಳು, ಹುಣಸೆ ಮರದಲ್ಲೂ ಇದ್ದವಾ, ಸದ್ದು ಮಾಡುತ್ತಿದ್ದವಾ ಅಂತ. ಕೇಳುತ್ತ ಕೇಳುತ್ತ ಅಳತೊಡಗಿದಳು. ನಾನು ನಿಲ್ಲಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿನ್ನ ತಮ್ಮ ಬೆಳ್ಳಗಿದ್ದ ಕನಾ" ಅಂದಳು. ಅವನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಆಮೇಲೆ, "ಯೋಳು, ನಿಲ್ಲಿಸ್ಬ್ಯಾಡ" ಅಂದಳು.

ಮಾರನೆಯ ದಿನದಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವ್ವ ಮತ್ತೆ ಮಗ್ಗಕ್ಕೆ ಇಳಿದಳು, ಮತ್ತೆ ಎಷ್ಟೋ ದಿನ ಮಾತಿಲ್ಲದೆ ಕಳೆದಳು. ಆದರೆ ಮಧ್ಯಾಹ್ನ ಒಂದಿಷ್ಟು ಹೊತ್ತು ಮಲಗತೊಡಗಿದಳು. ಸಂಜೆ ನನ್ನನ್ನು ಬೈದು ಆಟಕ್ಕೆ ಓಡಿಸುತ್ತಿದ್ದಳು.

ಆ ಬೀದಿ ಈಗಲೂ ಇದೆ. ಮಗ್ಗಗಳು ಕೆಲವು ಮನೆಗಳಲ್ಲಿ ಉಳಿದಿವೆ, ನಮ್ಮದರಲ್ಲಿ ಇಲ್ಲ. ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿದ್ದೇವೆ. ಅಪ್ಪ ಇಲ್ಲ. ಗೌರತ್ತೆ ಹೋಗಿ ಬಹಳ ವರ್ಷವಾಯಿತು. ನಾನು ಹನೂರಿನಲ್ಲಿ ಶಾಲೆಯ ಕೆಲಸ, ಮನೆ, ದಿನವೂ ನಿಂತುಕೊಂಡೇ ಹೋಗುವ ಬಸ್ಸು ಅಂತ ಓಡಾಡುತ್ತ, ಅವ್ವನಿಗೆ ಆಗ ಇದ್ದ ವಯಸ್ಸನ್ನು ಯಾವಾಗಲೋ ದಾಟಿಬಿಟ್ಟಿದ್ದೇನೆ. ಹೋದ ವರ್ಷ ಮಳೆ ಬಿದ್ದ ಮೇಲೆ ಮನಸ್ಸು ತಡೆಯದೆ ಅವ್ವನನ್ನು ಅದೇ ಕಡೆಗೆ ಕರೆದುಕೊಂಡು ಹೋದೆ. ಈಗ ಮೊಬೈಲಿನಲ್ಲೇ ಬುಕ್ ಮಾಡಬೇಕು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗರು ಸಾಲಾಗಿ ನಿಲ್ಲಿಸುತ್ತಾರೆ. ಹಳ್ಳದ ಈಚೆಗೆ ಎರಡು ರೆಸಾರ್ಟು, ಅವುಗಳ ದೊಡ್ಡ ದೀಪದ ಬೆಳಕು ತೋಪಿನ ಅರ್ಧದವರೆಗೂ ಬೀಳುತ್ತದೆ. ಉಳಿದ ಅರ್ಧದಲ್ಲಿ ಅಲ್ಲೊಂದು ಇಲ್ಲೊಂದು ಹುಳ ಮಿನುಗಿತು. ಜನ ಫೋನು ಎತ್ತಿ ಹಿಡಿದು, ಬರಲಿಲ್ಲ ಅಂತ ಗೊಣಗುತ್ತ ಹೊರಟರು.

ನಿನಗೆ ಕೊನೆಗೂ ತೋರಿಸಲಾಗಲಿಲ್ಲವಲ್ಲ ಅಂತ ಅವ್ವನಿಗೆ ಅಂದೆ. ಅವಳು ನಡೆದು ಬಂದು, ಗಾಡಿಯಲ್ಲಿ ಕೂತ ಮೇಲೆ ಹೇಳಿದಳು.

"ನಾ ಅವತ್ತೇ ನೋಡ್ದೆ ಕನವ್ವ. ನಡುವೆ ಎಚ್ರ ಆಗಿತ್ತು. ನಿಮ್ಮತ್ತೆ ಕೈ ತಲೆ ಮೇಲಿತ್ತು. ಎದ್ರೆ ಕೈ ತಕ್ಕಬುಟ್ಟಾಳು ಅಂತ ಕಣ್ಮುಚ್ಕಂಡೆ."

ಹಾಗಾದರೆ ಟೆಂಪೊದಲ್ಲಿ ನನ್ನನ್ನು ಯಾಕೆ ಅಷ್ಟು ಕೇಳಿದೆ ಅಂದೆ.

"ನೀ ಮಾತಾಡದ್ನ ಕೇಳಿ ಭಾಳ ದಿವ್ಸ ಆಗಿತ್ತು. ನಾನೊಬ್ಳೇ ಮಾತು ಬುಟ್ಟಿದ್ದೆ ಅನ್ಕಂಡಿದ್ಯಾ? ನೀನೂ ಬುಟ್ಟಿದ್ದೆ."

ಗಾಡಿ ಹೊರಟಿತು. ದಾರಿಯ ಎರಡೂ ಕಡೆ ಬೋರ್ಡುಗಳು, ಟ್ಯೂಬ್‌ಲೈಟುಗಳು. ಅವ್ವನ ತಲೆ ನೇವರಿಸಲು ಅವಳಿಗಿಂತ ದೊಡ್ಡವರು ಈಗ ನಮ್ಮ ಕಡೆ ಯಾರೂ ಉಳಿದಿಲ್ಲ. ನನ್ನ ಕೈಯನ್ನೇ ಇಟ್ಟೆ. ಅವಳು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಯಳಂದೂರು ದಾಟಿತು, ಮಾಂಬಳ್ಳಿ ದಾಟಿತು. ನಿದ್ದೆ ಬರಲಿಲ್ಲ, ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ.