ಮಿರಜದಲ್ಲಿ ನಮ್ಮ ಪೇಶಂಟ್

ಸಾಂಗಲಿಯಲ್ಲಿ ಯಾರಾದರೂ ಮಿರಜಕ್ಕೆ ಹೊರಟು ನಿಂತರೆ ಯಾಕೆ ಎಂದು ಕೇಳುವವರಿಲ್ಲ. “ಯಾರನ್ನ ಅಡ್ಮಿಟ್ ಮಾಡ್ಯಾರ?” ಎಂದು ಕೇಳುತ್ತಾರೆ. ಎರಡೂ ಊರು ಬೆಳೆದು ಬೆಳೆದು ಒಂದಕ್ಕೊಂದು ತಾಗಿಕೊಂಡಿವೆ. ಆದರೂ ನಮ್ಮ ಮನೆಯವರ ಲೆಕ್ಕದಲ್ಲಿ ಮಿರಜವೆಂದರೆ ಆಸ್ಪತ್ರೆ ಮತ್ತು ರೈಲು, ಅಂದರೆ ಮನುಷ್ಯರನ್ನು ಕಳಿಸಿಕೊಡುವ ಎರಡು ದಾರಿಗಳು. ಅಲ್ಲಿಗೆ ಸುಮ್ಮನೆ ಖುಷಿಗೆಂದು ಹೋಗಬಹುದು ಎಂಬ ಕಲ್ಪನೆ ಯಾರಿಗೂ ಇಲ್ಲ. ಈ ಕೊರತೆಯನ್ನು ನಾನು ಎರಡು ವರ್ಷಗಳಿಂದ ಬಳಸಿಕೊಳ್ಳುತ್ತ ಬಂದಿದ್ದೇನೆ.

ಒಪ್ಪಿಕೊಂಡುಬಿಡುತ್ತೇನೆ, ನಾನು ಕೋಳಿ ತಿನ್ನುತ್ತೇನೆ. ನಮ್ಮದು ತಲೆಮಾರುಗಳಿಂದ ಅರಿಶಿನದ ವ್ಯಾಪಾರ ಮಾಡುವ ಮನೆ; ಬೆಳಿಗ್ಗೆ ಲಿಂಗಪೂಜೆಯಾಗದೆ ಚಹಾ ಇಲ್ಲ. ಆ ಅರಿಶಿನ ಯಾರ್ಯಾರ ಮನೆಯ ಮಟನ್ ಸಾರಿನಲ್ಲಿ ಕುದಿಯುತ್ತದೆ ಎಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ. ಕೊಲ್ಲಾಪುರದ ಹಾಸ್ಟೆಲ್ಲಿನಲ್ಲಿ ಎಂ.ಎಸ್ಸಿ. ಜೊತೆಗೆ ನನಗೆ ಈ ಪದವಿಯೂ ಬಂತು. ಮೊದಲನೆಯದನ್ನು ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದಾರೆ.

ಹೀಗಿರುವಾಗ ಮಿರಜದಲ್ಲಿ, ಔಷಧದ ಅಂಗಡಿಗೂ ಸಿತಾರ್ ಮಾಡುವವರ ಅಂಗಡಿಗೂ ನಡುವೆ, ಕೊರಿಯನ್ ಫ್ರೈಡ್ ಚಿಕನ್ನಿನ ಹೋಟೆಲು ತೆರೆಯಿತು. ನನಗೆ ಅವಸರವಿತ್ತು. ಬರುವ ರವಿವಾರ ಇಚಲಕರಂಜಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಸಂಬಂಧ ತಂದವರು ನಮ್ಮ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಮ್ಮ ಮನೆಯ ಮಡಿ-ಮೈಲಿಗೆಯ ಸುಪ್ರೀಂ ಕೋರ್ಟು. ಹುಡುಗಿ ಮೊಟ್ಟೆ ಗಿಟ್ಟೆ ತಿನ್ನುತ್ತಾಳೆಯೇ ಎಂದು ಗಂಡಿನ ತಾಯಿ ಫೋನಿನಲ್ಲಿ ಕೇಳಿದಾಗ ಕಾಕು, “ಮೊಟ್ಟಿ ಮಾರೋ ಅಂಗಡಿಯಾಗ ಬ್ರೆಡ್ ಸೈತ ತಗೊಳ್ಳೂದಿಲ್ರಿ ನಮ್ಮ ಹುಡುಗಿ” ಎಂದು ಸರ್ಟಿಫಿಕೇಟು ಕೊಟ್ಟಿದ್ದರು. ಆ ಸರ್ಟಿಫಿಕೇಟು ಹಿಡಿದುಕೊಂಡು ಜನ್ಮವಿಡೀ ಬಾಳುವುದು ನನಗೆ ಬೇಕಿರಲಿಲ್ಲ. ಬೇಡ ಎನ್ನಲು ಬಾಯಿಯೂ ಇರಲಿಲ್ಲ. ಆದ್ದರಿಂದ ಆ ಬಾಯಿಗೆ ಬೇರೆ ಕೆಲಸ ಕೊಡೋಣವೆಂದು ಹೊರಟೆ. ಸೋಮವಾರ ಬಿಟ್ಟು ಬುಧವಾರ ಹೋದೆ. ಕಟ್ಟಳೆ ಮುರಿಯುವಾಗಲೂ ವಾರ ನೋಡುವ ಸಂಸ್ಕಾರ ನನ್ನಲ್ಲಿ ಉಳಿದಿದೆ.

ಒಳಗೆ ಗೋಡೆಯ ತುಂಬ ಯಾರಿಗೂ ಓದಲು ಬಾರದ ಕೊರಿಯನ್ ಅಕ್ಷರಗಳು. ಮೆನುವಿನಲ್ಲಿ ಜೈನ್ ಕೊರಿಯನ್ ಪನೀರ್, ಉಪವಾಸದ ಕೊರಿಯನ್ ಆಲೂ. ಅಥಣಿ ಕಡೆಯಿಂದ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಲು ಬಂದಿದ್ದ ರುಮಾಲಿನ ಅಜ್ಜನೊಬ್ಬ ತಟ್ಟೆ ಮುಂದಿಟ್ಟುಕೊಂಡು, “ಇದಕ್ಕ ರೊಟ್ಟಿ ಇಲ್ಲೇನ್ರಿ?” ಎಂದು ಕೇಳುತ್ತಿದ್ದ. ಇಲ್ಲವೆಂದಾಗ, “ಮತ್ತ ಯಾತಕ್ಕ ಹಚ್ಕೊಂಡು ತಿನ್ನೂದು?” ಎಂದ. ಕೊರಿಯಾದ ಅಡುಗೆಯ ಬಗ್ಗೆ ಇಷ್ಟು ಮೂಲಭೂತವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಚಿಕನ್ನಿಗೆ ಮೊದಲು ಒಂದು ಜೊತೆ ತೆಳು ಕರಿ ಪ್ಲಾಸ್ಟಿಕ್ ಗ್ಲೌಸು ಬಂತು. ಹಾಕಿಕೊಂಡೇ ತಿನ್ನಬೇಕಂತೆ. ಮುಟ್ಟಿಯೂ ಮುಟ್ಟದಂತಿರುವುದು ಹೇಗೆ ಎಂದು ನಮ್ಮ ಹಿರಿಯರು ಮಡಿಬಟ್ಟೆ, ಬಾಳೆಲೆ, ತುಟಿಗೆ ತಾಗಿಸದೆ ಎತ್ತಿ ಕುಡಿಯುವ ತಂಬಿಗೆ ಎಂದು ಎಷ್ಟು ಹೆಣಗಿದರು! ಕೊರಿಯಾದವರು ಒಂದೇ ಗ್ಲೌಸಿನಲ್ಲಿ ಮುಗಿಸಿದ್ದಾರೆ. ಇದನ್ನು ಯೋಚಿಸುತ್ತ ತಲೆ ಎತ್ತಿದೆ. ಮೂಲೆಯ ಮೇಜಿನಲ್ಲಿ ತಲೆತುಂಬ ಸೆರಗು ಹೊದ್ದು, ಎರಡೂ ಕೈಗೆ ಕರಿ ಗ್ಲೌಸು ಹಾಕಿಕೊಂಡು ಕಾಕು ಕೂತಿದ್ದರು. ಮುಂದೆ ಕೆಂಪಗೆ ಹೊಳೆಯುವ ಆರು ತುಂಡು ಚಿಕನ್.

ಓಡಿಹೋಗುವ ವಯಸ್ಸು ಇಬ್ಬರದೂ ಅಲ್ಲ. ಹತ್ತಿರ ಹೋಗಿ ನಿಂತೆ.

“ಯಾರನ್ನ ಅಡ್ಮಿಟ್ ಮಾಡ್ಯಾರ?” ಎಂದರು ಕಾಕು. ಅಭ್ಯಾಸಬಲ.

“ಗೆಳತಿ ಅವ್ವನ್ನ. ನಿಮ್ಮವರು ಯಾರ್ರಿ?”

“ತವರಮನಿ ಮಾವಶಿ, ನಮ್ಮವ್ವನ ತಂಗಿ.”

“ಏನಾಗೈತ್ರಿ?”

ಕಾಕು ತಟ್ಟೆಯನ್ನು ನೋಡಿ ಯೋಚಿಸಿದರು. “ಹೊಟ್ಟೀದು. ಕುಂದ್ರು.”

ಕೂತೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕಾಕು ಮೊಬೈಲಿನಲ್ಲಿ ಕೇಳುವುದು ಪುರಾಣವಲ್ಲ, ಹಿಂದಿಗಿಳಿಸಿದ ಕೊರಿಯನ್ ಧಾರಾವಾಹಿ ಎಂಬುದು ಆಗ ತಿಳಿಯಿತು. “ಅವರು ಅತ್ತರೂ ಇದನ್ನ ತಿಂತಾರ, ನಕ್ಕರೂ ಇದನ್ನ ತಿಂತಾರ. ಬರೇ ಕರಂಕರಂ ಸಪ್ಪಳಾ ಕೇಳಿ ಕೇಳಿ ಸಾಕಾಗೈತಿ ನನಗ. ಬಂದು ಅರ್ಧಾ ತಾಸಾತು, ಬಾಯಿತನಕ ಕೈ ಏಳವಲ್ತು.” ಆಮೇಲೆ ದನಿ ಇಳಿಸಿದರು. “ನೀ ಈ ಮೊದಲ ತಿಂದೀದಿ, ಅಲಾ?”

ಸುಳ್ಳು ಹೇಳಬಹುದಿತ್ತು. “ತಿಂತೀನ್ರಿ. ಕೊಲ್ಲಾಪುರದಿಂದ.”

ಸುಪ್ರೀಂ ಕೋರ್ಟು ತಟ್ಟೆಯನ್ನು ನನ್ನ ಕಡೆ ಸರಿಸಿತು. “ಹಂಗಾರ ಹೆಂಗ ಹಿಡೀಬೇಕು, ತೋರಸು.”

ತೋರಿಸಿದೆ. ಸಪ್ಪಳ ಬಂತು. ಕಾಕು ಕಣ್ಣು ಮುಚ್ಚಿದರು. ಮೂರನೆಯ ತುಂಡಿಗೆ ವಿಚಾರಣೆ ಮುಂದುವರಿಯಿತು.

“ರವಿವಾರ ಅವರು ಕೇಳಿದ್ರ ಏನ ಹೇಳ್ತಿ?”

“ಖರೇನ ಹೇಳ್ತೀನ್ರಿ.” ಇಷ್ಟು ದೊಡ್ಡ ಮಾತನ್ನು ನಾನು ಆ ಮನೆಯಲ್ಲಿ ಎಂದೂ ಆಡಿದವಳಲ್ಲ. ಗ್ಲೌಸು ಹಾಕಿಕೊಂಡವರಿಗೆ ಧೈರ್ಯ ಹೆಚ್ಚೇನೋ.

“ಮತ್ತ ನಾ ಕೊಟ್ಟ ಮಾತು?” ಎಂದು ಕಾಕು ಎಲುಬನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು. “ನಿನಗ ಆ ಹುಡುಗ ಬ್ಯಾಡೇನು?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೇಡವೆಂದು ನಾನು ಅಡ್ಡಡ್ಡ ತಲೆಯಾಡಿಸಿದೆ.

ಸಂಜೆ ಮನೆಯಲ್ಲಿ ಕಾಕು ತೀರ್ಪು ಓದಿದರು. “ನಮ್ಮ ಮಾವಶಿದು ಭಾಳ ನಾಜೂಕೈತಿ. ಬೀಗರು ಮಿರಜದಾಗ ಮಲಗಿದಾಗ ಹೆಣ್ಣ ತೋರಸೂದು ಶಾಸ್ತ್ರಕ್ಕ ಬರೂದಿಲ್ಲ. ಆರಾಮಾಗಿ ಮನೀಗೆ ಬರಲಿ, ಆಮ್ಯಾಲ ನೋಡೂಣು.” ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ಮಿರಜಕ್ಕೆ ಯಾಕೆ ಎಂದು ಕೇಳದ ಮನೆ ಅದನ್ನೇಕೆ ಕೇಳೀತು? ಇಚಲಕರಂಜಿಗೆ ಫೋನು ಹೋಯಿತು. ಅವ್ವ ಮಾತ್ರ ಪದ್ಧತಿ ಬಿಡುವವಳಲ್ಲ. ಬೀಗರ ಪೇಶಂಟಿಗೆಂದು ಗಂಜಿ ಕಾಸಿ ಡಬ್ಬಿ ಕಟ್ಟಿದಳು. ತಾನೂ ಬರುತ್ತೇನೆ ಎಂದಳು. “ಇಬ್ಬರನ್ನ ಅಷ್ಟ ಒಳಗ ಬಿಡ್ತಾರ,” ಎಂದರು ಕಾಕು.

ಈಗ ಪ್ರತಿ ಬುಧವಾರ ನಾವಿಬ್ಬರೂ ಡಬ್ಬಿ ಹಿಡಿದು ಮಿರಜಕ್ಕೆ ಹೋಗುತ್ತೇವೆ. ಗಂಜಿ ಚೆಲ್ಲಲು ಮನಸ್ಸಾಗದೆ ಮೊದಲ ವಾರವೇ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದ ಆ ರುಮಾಲಿನ ಅಜ್ಜನಿಗೆ ಕೊಟ್ಟೆವು. ಆತನ ಹೆಂಡತಿಗೆ ಅದು ಒಗ್ಗಿದೆ. ಎರಡನೆಯ ವಾರದಿಂದ ಕಾಕು ಆತನಿಗೆಂದು ಎರಡು ಜೋಳದ ರೊಟ್ಟಿಯನ್ನೂ ಇಡುತ್ತಿದ್ದಾರೆ. ನಮ್ಮ ಸುಳ್ಳಿನಿಂದ ಹೊಟ್ಟೆ ತುಂಬುತ್ತಿರುವವರು ಹೀಗೆ ಒಟ್ಟು ನಾಲ್ವರು.

ಹೋದ ವಾರ ಹೋಟೆಲಿನಿಂದ ಹೊರಬಂದು ಡಬ್ಬಿ ಕೊಡುವಾಗ ಅಜ್ಜ ಮರ್ಯಾದೆಗೆ ಕೇಳಿದ: “ನಿಮ್ಮ ಪೇಶಂಟ್ ಹೆಂಗದಾರ, ತಂಗೆವ್ವಾ?”

ಕಾಕು ಸೆರಗಿನ ತುದಿಯಿಂದ ತುಟಿಯಂಚಿನ ಕೆಂಪು ಒರೆಸಿಕೊಂಡರು.

“ಬಾಯಿಗೆ ರುಚಿ ಬಂದೈತ್ರಿ, ಯಜಮಾನ್ರ. ಆದ್ರ ಇಷ್ಟರಾಗ ಮನೀಗೆ ಬಿಡೂದಿಲ್ಲ ಅಂದಾರ.”